ಕಕ್ಕಡದ ಮಳೆಗೆ ಕುಣಿಯದ ಅಳಗುಳಿ ಮಣೆ ಮಾಡುವ ಬಗೆ

ಗುಳಿಗಳಿಗೆ ಕಾಳು ಹಂಚಿ ಆಡುವ ಅಳಗುಳಿ ಮಣೆ ಅಟ್ಟದಿಂದ ಕೆಳಗಿಳಿಯುವುದೇ ಮಳೆ ಹಿಡಿದ ಮೇಲೆ. ಘಟ್ಟದ ಕೆಳಗಿನವರು ಆಟಿ ತಿಂಗಳಲ್ಲಿ ಇದೇ ಆಟದ ಚೆನ್ನೆಮಣೆ ಇಟ್ಟು ಕೂರುವ ಹೊತ್ತಿಗೆ ನಮ್ಮ ಕೊಡಗಿನಲ್ಲಿ ಕಕ್ಕಡ, ಜಡಿಮಳೆಯ ತಿಂಗಳು. ತೋಟಕ್ಕೆ ಇಳಿಯುವಂತಿಲ್ಲ, ಕರೆಂಟನ್ನು ನಂಬುವಂತಿಲ್ಲ, ಆಡಲು ಬೇಕಾದಷ್ಟು ಹೊತ್ತು. ಮರ ಗಾಳಿಯ ತೇವ ಕುಡಿದು ಉಬ್ಬುವುದೂ ಸರಿಯಾಗಿ ಇದೇ ತಿಂಗಳಲ್ಲಿ. ಮಾರ್ಚ್‌ನಲ್ಲಿ ನೆಲಕ್ಕೆ ಕಚ್ಚಿ ಕೂತಿದ್ದ ಮಣೆ ಜುಲೈನಲ್ಲಿ ಒಂದು ಮೂಲೆ ಎತ್ತುತ್ತದೆ, ಕೈ ತಾಗಿದಾಗಲೆಲ್ಲ ಟಕ್ಕೆನ್ನುತ್ತದೆ, ತುಂಬಿದ ಗುಳಿಯಿಂದ ಕಾಳು ಹಾರುತ್ತದೆ. ಆದ್ದರಿಂದ ಕೊಡಗಿನಲ್ಲಿ ಮಣೆ ಮಾಡುವವರು ಉಳಿ ಹಿಡಿಯುವ ಮೊದಲು ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮರದ ಆಯ್ಕೆ, ತೋಡುವ ಕ್ರಮ, ಪಾಲಿಶ್ ಹಚ್ಚುವ ರೀತಿ ಎಲ್ಲವೂ ಆ ಲೆಕ್ಕದಿಂದಲೇ ಹುಟ್ಟಬೇಕು. ಗುಳಿ ತೋಡುವ ಕೆಲಸ ತಾಳ್ಮೆ ಇರುವ ಯಾರಿಗಾದರೂ ಬರುತ್ತದೆ.

ಇಲ್ಲಿ ಹೇಳುತ್ತಿರುವುದು ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು 14 ಗುಳಿ, ಎರಡು ತುದಿಯಲ್ಲಿ ಗೆದ್ದ ಕಾಳು ಹಾಕಿಕೊಳ್ಳಲು ಒಂದೊಂದು ದೊಡ್ಡ ಗುಳಿ ಇರುವ ಮಣೆಯ ವಿಷಯ. ಮುಗಿದಾಗಿನ ಅಳತೆ 680 ಮಿ.ಮೀ. ಉದ್ದ, 165 ಮಿ.ಮೀ. ಅಗಲ, 35 ಮಿ.ಮೀ. ದಪ್ಪ.

ಯಾವ ಮರ

ನನ್ನ ಮೊದಲ ಆಯ್ಕೆ ಹಲಸು. ಉಳಿಗೆ ಒಗ್ಗುತ್ತದೆ, ಅದರ ಕೆಚ್ಚಿಗೆ (ಕಾಂಡದ ಒಳಗಿನ ಗಟ್ಟಿ ಭಾಗಕ್ಕೆ) ಗೆದ್ದಲು ಸುಲಭವಾಗಿ ಹತ್ತುವುದಿಲ್ಲ, ಕೊಯ್ದಾಗ ಹಳದಿಯಾಗಿದ್ದದ್ದು ಬೆಳಕು ತಾಗುತ್ತಾ ಬಂದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕಾಫಿ ತೋಟದ ನೆರಳಿಗೆ ಹಲಸು ಇಟ್ಟವರು ಎಲ್ಲ ಕಡೆ ಇರುವುದರಿಂದ ಮಿಲ್ಲುಗಳಲ್ಲಿ ತುಂಡು ಹಲಗೆ ಸಿಗುವುದು ಕಷ್ಟವಲ್ಲ. ಒಂದು ತೊಡಕಿದೆ: ಕೆಲವು ಹಲಗೆಗಳಲ್ಲಿ ಎಳೆ, ಎಂದರೆ ಮರದ ನಾರು, ಒಂದು ಪಟ್ಟಿ ಆ ಕಡೆ, ಒಂದು ಪಟ್ಟಿ ಈ ಕಡೆ ಹೆಣೆದುಕೊಂಡಿರುತ್ತದೆ. ಅಂಥದ್ದಕ್ಕೆ ತೋಪಡ (ಮರ ಹೆರೆದು ಸಮ ಮಾಡುವ ಉಪಕರಣ) ಹಾಕಿದರೆ ಎಷ್ಟು ಹರಿತವಿದ್ದರೂ ಅಲ್ಲಲ್ಲಿ ಕಿತ್ತು ಬರುತ್ತದೆ. ಹಲಗೆಯ ಅಂಚನ್ನು ನೋಡಿ, ಎಳೆ ಉದ್ದಕ್ಕೆ ನೇರವಾಗಿ ಓಡುವುದನ್ನೇ ಆರಿಸಿ.

ಸಿಲ್ವರ್ ಓಕ್ ಇನ್ನೂ ಸುಲಭವಾಗಿ ಸಿಗುತ್ತದೆ. ಆಸ್ಟ್ರೇಲಿಯಾ ಮೂಲದ ಈ ಮರ ಕಾಳುಮೆಣಸಿನ ಬಳ್ಳಿ ಹೊತ್ತು ನಮ್ಮ ತೋಟಗಳ ತುಂಬ ನಿಂತಿದೆ. ಹಗುರ, ಮೃದು, ಹೊಸಬರ ಕೈಗೂ ಬಗ್ಗುತ್ತದೆ. ದಿಮ್ಮಿಯ ನಡುವಿನಿಂದ ಹೊರಕ್ಕೆ, ಉಂಗುರಗಳು ಹಲಗೆಯ ದಪ್ಪದಲ್ಲಿ ನೆಟ್ಟಗೆ ನಿಲ್ಲುವಂತೆ ಕೊಯ್ದ ಹಲಗೆಯಾದರೆ ಮೈಮೇಲೆ ಮಿನುಗುವ ಚುಕ್ಕೆಗಳು ಏಳುತ್ತವೆ. ಹಾಗೆ ಕೊಯ್ದ ಹಲಗೆ ಅಗಲಕ್ಕೆ ಉಬ್ಬುವುದೂ ಕಡಿಮೆ. ಆದರೆ ಸಿಲ್ವರ್ ಓಕಿನ ರಸ ಮತ್ತು ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ. ತುರಿಕೆ, ಕೆಂಪು ಗುಳ್ಳೆ ಬರುತ್ತದೆ. ಪೂರ್ತಿ ತೋಳಿನ ಅಂಗಿ, ಮೂಗಿಗೆ ಮಾಸ್ಕ್ ಹಾಕಿಕೊಂಡೇ ಉಜ್ಜಿ. ಕೆಲಸ ಮುಗಿದ ಕೂಡಲೇ ಕೈ ಮುಖ ತೊಳೆಯಿರಿ.

ಹೊನ್ನೆ ಗಟ್ಟಿ, ಚೆಂದ. ಆದರೆ ಒದ್ದೆಯಾದರೆ ಬಣ್ಣ ಬಿಡುತ್ತದೆ. ಪಾಲಿಶ್ ಸರಿಯಾಗಿ ಹತ್ತದ ಹೊನ್ನೆ ಮಣೆಯನ್ನು ಮಳೆಗಾಲದಲ್ಲಿ ಬಿಳಿ ಬಟ್ಟೆಯ ಮೇಲೆ ಇಟ್ಟರೆ ಕಂದು ಕಲೆ ಖಾಯಂ. ಹಳೆಯ ಬಾಗಿಲಿನ ತೇಗ ಸಿಕ್ಕರೆ ಬಿಡಬೇಡಿ. ಎಷ್ಟೋ ಮಳೆಗಾಲ ಕಂಡ ಮರ ಅದು, ಇನ್ನು ಹೆಚ್ಚು ಅಲುಗಾಡುವುದಿಲ್ಲ. ಒಳಗೆ ಮುರಿದ ಮೊಳೆ ಇದೆಯೇ ಎಂದು ಅಯಸ್ಕಾಂತ ಆಡಿಸಿ ನೋಡಿ. ತೇಗ ಉಳಿಯ ಬಾಯಿಯನ್ನು ಬೇಗ ಮೊಂಡು ಮಾಡುತ್ತದೆ, ಮರದೊಳಗಿನ ಸಿಲಿಕಾ ಅದಕ್ಕೆ ಕಾರಣ. ಎರಡು ಮೂರು ಗುಳಿಗೊಮ್ಮೆ ಸಾಣೆ ಹಿಡಿಯಲೇಬೇಕು. ಮಾವು ಮತ್ತು ರಬ್ಬರ್ ಮರಕ್ಕೆ ಕುಟ್ಟೆ ಹುಳದ ಕಾಟ ಹೆಚ್ಚು, ಔಷಧಿ ಹಾಕಿ ಹದ ಮಾಡಿದ ಹಲಗೆಯಲ್ಲದಿದ್ದರೆ ಮುಟ್ಟಬೇಡಿ. ಯಾವ ಮರವಾದರೂ ಹೊರಗಿನ ಬಿಳಿ ಭಾಗ ತೆಗೆದು ಕೆಚ್ಚನ್ನಷ್ಟೇ ಬಳಸಿ; ಹುಳ ಮೊದಲು ಹೊಕ್ಕುವುದು ಆ ಬಿಳಿ ಭಾಗಕ್ಕೇ.

ಬೀಟೆಯ ಆಸೆ ಎಲ್ಲರಿಗೂ ಇರುತ್ತದೆ. ತೂಕಕ್ಕೂ ಹೊಳಪಿಗೂ ಅದನ್ನು ಮೀರಿಸುವ ಮರವಿಲ್ಲ. ಆದರೆ ಸ್ವಂತ ತೋಟದಲ್ಲಿ ನಿಂತಿದೆ ಎಂದ ಮಾತ್ರಕ್ಕೆ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯ ಅನುಮತಿ ಬೇಕು. ಒಂದು ಮಣೆಗೆ ಬೇಕಾದದ್ದು ಎರಡೂವರೆ ಅಡಿ ತುಂಡು ಮಾತ್ರ. ಹಳೆಯ ಪೀಠೋಪಕರಣದ ಹಲಗೆ ಅಥವಾ ಮಿಲ್ಲಿನಲ್ಲಿ ಬಿಲ್ ಸಮೇತ ಕೊಂಡ ತುಂಡು ಸಾಕು. ಇದಕ್ಕಾಗಿ ಮರ ಕೆಡವುವ ಪ್ರಶ್ನೆಯೇ ಬೇಡ.

ಒಣಗಿದೆಯೇ ಎಂದು ತಿಳಿಯುವುದು

ಮಣೆಯ ಆಯುಸ್ಸು ನಿರ್ಧಾರವಾಗುವುದು ಇಲ್ಲೇ. ಮಿಲ್ಲಿನಲ್ಲಿ "ಒಣಗಿದ್ದೇ" ಎಂದು ಕೊಟ್ಟ ಹಲಗೆಯ ಮೈ ಒಣಗಿರುತ್ತದೆ, ಹೊಟ್ಟೆ ಹಸಿಯಾಗಿರುತ್ತದೆ. ಗುಳಿ ತೋಡಿದ ಕೂಡಲೇ ಆ ಹಸಿ ಹೊಟ್ಟೆ ಗಾಳಿಗೆ ತೆರೆದುಕೊಂಡು, ಮೇಲ್ಮೈ ಕುಗ್ಗಿ, ಗುಳಿಯ ತಳದಿಂದಲೇ ಬಿರುಕು ಶುರುವಾಗುತ್ತದೆ. ಗಾಳಿಯಲ್ಲಿ ಒಣಗಿಸುವಾಗ ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಹಳೆಯ ಲೆಕ್ಕ ನಮ್ಮ ಹವೆಗೆ ಹೆಚ್ಚೇನಲ್ಲ, ಯಾಕೆಂದರೆ ವರ್ಷದ ನಾಲ್ಕು ತಿಂಗಳು ಮರ ಒಣಗುವುದೇ ಇಲ್ಲ.

ಕೊಳ್ಳುವಾಗ 28 ಇಂಚು ಉದ್ದ, 7 ಇಂಚು ಅಗಲ, ಒಂದೂಮುಕ್ಕಾಲು ಇಂಚು ದಪ್ಪದ ಒರಟು ಹಲಗೆ ಕೇಳಿ. ತುದಿಗಳಲ್ಲಿ ಈಗಾಗಲೇ ಸೀಳು ಕಾಣುತ್ತಿದ್ದರೆ 30 ಇಂಚು. ತಂದ ದಿನವೇ ಎರಡು ತುದಿಗಳಿಗೆ ಮನೆಯಲ್ಲಿ ಉಳಿದ ಎನಾಮಲ್ ಬಣ್ಣವನ್ನು ದಪ್ಪಗೆ ಬಳಿಯಿರಿ. ಮರ ಅತಿ ವೇಗವಾಗಿ ನೀರು ಬಿಡುವುದು ಎಳೆಯ ಕೊನೆಯಿಂದ; ಅದನ್ನು ಮುಚ್ಚದಿದ್ದರೆ ತುದಿ ಮೊದಲು ಕುಗ್ಗಿ ಸೀಳುತ್ತದೆ. ಆಮೇಲೆ ನೆರಳಿನಲ್ಲಿ, ಗಾಳಿ ಆಡುವ ಕಡೆ, ಒಂದೇ ದಪ್ಪದ ಮೂರು ಕೋಲುಗಳ ಮೇಲೆ ಇಡಿ. ಒಂದರ ಮೇಲೊಂದು ಹಲಗೆ ಪೇರಿಸುವುದಾದರೆ ಕೋಲುಗಳು ಒಂದರ ನೇರಕ್ಕೆ ಒಂದು ಬರಬೇಕು, ಇಲ್ಲವಾದರೆ ಭಾರಕ್ಕೆ ಹಲಗೆ ಅಲೆಯಾಗುತ್ತದೆ.

ಕಾಫಿ ಕಣದಲ್ಲಿ ಬಿಸಿಲಿಗೆ ಹಾಕಿ ಬೇಗ ಒಣಗಿಸೋಣ ಎಂದು ಅನ್ನಿಸುವುದು ಸಹಜ. ಬೇಡ. ಮೈ ಬಿಗಿದುಕೊಂಡು ಒಳಗಿನ ನೀರು ಹೊರಬರಲಾಗದೆ ಹಲಗೆಯ ಉದ್ದಕ್ಕೂ ಕೂದಲೆಳೆಯ ಬಿರುಕು ಬೀಳುತ್ತದೆ. ಒಲೆಯ ಮೇಲಿನ ಅಟ್ಟ ಒಳ್ಳೆಯ ಜಾಗವೇ, ಆದರೆ ಕೊನೆಯ ಹಂತಕ್ಕೆ ಮಾತ್ರ. ಹಸಿ ಹಲಗೆಯನ್ನು ನೇರ ಅಲ್ಲಿಗೆ ಏರಿಸಿದರೆ ಕಣದಲ್ಲಿ ಆಗುವುದೇ ಅಲ್ಲೂ ಆಗುತ್ತದೆ.

ತೇವದ ಮೀಟರ್ ಇಲ್ಲದಿದ್ದರೂ ನಡೆಯುತ್ತದೆ, ಅಡುಗೆಮನೆಯ ತಕ್ಕಡಿ ಸಾಕು. ಮೇಲೆ ಹೇಳಿದ ಅಳತೆಯ ಹಲಸು ಅಥವಾ ಸಿಲ್ವರ್ ಓಕ್ ಹಲಗೆ ಒಣಗಿದಾಗ ಮೂರೂಕಾಲು ಕೆಜಿ ಆಸುಪಾಸು ತೂಗುತ್ತದೆ. ಅದರಲ್ಲಿ ಶೇಕಡಾ 1ರಷ್ಟು ತೇವ ಎಂದರೆ ಸುಮಾರು 30 ಗ್ರಾಂ. ವಾರಕ್ಕೊಮ್ಮೆ ತೂಗಿ ಹಲಗೆಯ ಮೇಲೆಯೇ ಪೆನ್ಸಿಲ್‌ನಲ್ಲಿ ಬರೆಯಿರಿ. ಮಳೆಯಿಲ್ಲದ ದಿನಗಳಲ್ಲಿ ಎರಡು ವಾರಕ್ಕೆ ಇಳಿಕೆ 10 ಗ್ರಾಂಗಿಂತ ಕಡಿಮೆಯಾದರೆ ಹಲಗೆ ಸುತ್ತಲಿನ ಗಾಳಿಗೆ ಹೊಂದಿಕೊಂಡಿದೆ ಎಂದರ್ಥ. ಕೆಲಸಕ್ಕೆ ಒಳ್ಳೆಯ ಕಾಲ ಜನವರಿಯಿಂದ, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬೀಳುವವರೆಗೆ.

ಎಲ್ಲಿಯ ಗಾಳಿಗೆ ಹೊಂದಿಕೊಂಡಿದೆ ಎಂಬುದೂ ಮುಖ್ಯ. ಕುಶಾಲನಗರದ ಒಣ ಹವೆ ಬೇರೆ, ಭಾಗಮಂಡಲದ ಮಳೆ ಹವೆ ಬೇರೆ. ಬಯಲುಸೀಮೆಯ ಅಂಚಿನಲ್ಲಿ ಒಣಗಿದ ಹಲಗೆಯನ್ನು ಮಡಿಕೇರಿಗೋ ನಾಪೋಕ್ಲಿಗೋ ತಂದರೆ, ಕೆಲಸ ಶುರುಮಾಡುವ ಮೊದಲು ಆಡುವ ಮನೆಯಲ್ಲೇ ಎರಡು ಮೂರು ವಾರ ಬಿಡಿ.

ಎಷ್ಟು ಉಬ್ಬುತ್ತದೆ ಎಂಬ ಅಂದಾಜು ಇರಲಿ. ಮನೆಯೊಳಗಿನ ಮರದ ತೇವ ಬೇಸಿಗೆಯಲ್ಲಿ ಶೇಕಡಾ 10ರ ಸುತ್ತ ಇದ್ದದ್ದು ಜಡಿಮಳೆಯಲ್ಲಿ 18ರ ಸಮೀಪಕ್ಕೆ ಏರಬಹುದು. ಆಗ 165 ಮಿ.ಮೀ. ಅಗಲದ ಸಾಧಾರಣ ಹಲಗೆ 2ರಿಂದ 3 ಮಿ.ಮೀ. ಅಗಲವಾಗುತ್ತದೆ. ಉದ್ದದಲ್ಲಿ ಲೆಕ್ಕಕ್ಕೆ ಬರುವಷ್ಟು ಬದಲಾವಣೆ ಇಲ್ಲ. ಹೀಗಾಗಿ ಸೊಟ್ಟಗಾಗದಿರಲಿ ಎಂದು ಅಡಿಯಲ್ಲಿ ಎರಡು ಅಡ್ಡಪಟ್ಟಿ ಇಟ್ಟು ಮೊಳೆ ಹೊಡೆಯುವುದು, ಸುತ್ತ ಬೀಡಿಂಗ್ ಅಂಟಿಸಿ ಚೌಕಟ್ಟು ಕಟ್ಟುವುದು ಎರಡೂ ಮಣೆಯನ್ನು ಕೆಡಿಸುವ ದಾರಿಗಳು. ಅಡ್ಡಪಟ್ಟಿ ಉದ್ದವಾಗುವುದಿಲ್ಲ, ಮಣೆ ಅಗಲವಾಗಿಯೇ ತೀರುತ್ತದೆ. ಮಳೆಯಲ್ಲಿ ಚೌಕಟ್ಟಿನ ಮೂಲೆ ಬಾಯಿ ಬಿಡುತ್ತದೆ, ಮುಂದಿನ ಮಾರ್ಚ್‌ನಲ್ಲಿ ಮಣೆಯೇ ನಡುವೆ ಸೀಳುತ್ತದೆ.

7 ಇಂಚು ಅಗಲದ ಒಳ್ಳೆಯ ಹಲಗೆ ಸಿಗದಿದ್ದರೆ ಎರಡು ಕಿರಿದಾದವನ್ನು ಅಂಚಿಗೆ ಅಂಚು ಸೇರಿಸಿ ಅಂಟಿಸಬಹುದು. ಅಂಟಿನ ಗೆರೆ ಸರಿಯಾಗಿ ಎರಡು ಸಾಲುಗಳ ನಡುವಿನ ಗೋಡೆಯಲ್ಲಿ ಬರುವಂತೆ ಅಗಲ ಹಂಚಿಕೊಳ್ಳಿ. ಆಗ ಯಾವ ಸಣ್ಣ ಗುಳಿಯೂ ಬೆಸುಗೆಯನ್ನು ಕಡಿಯುವುದಿಲ್ಲ. ನೀರು ತಡೆಯುವ ಫೆವಿಕಾಲ್ ಬಳಸಿ. ಕ್ಲಾಂಪ್ ಇಲ್ಲದಿದ್ದರೆ ಹಗ್ಗ ಸುತ್ತಿ ಬೆಣೆ ಹೊಡೆದು ಬಿಗಿಯಿರಿ. ಚಳಿಯ ದಿನಗಳಲ್ಲಿ ಪೂರ್ತಿ ಒಂದು ದಿನ ಬಿಚ್ಚಬೇಡಿ.

ಗುರುತು

ಮೊದಲು ತೋಪಡ ಹಾಕಿ ಎರಡೂ ಮುಖ ಸಮ ಮಾಡಿ, ದಪ್ಪ 37 ಮಿ.ಮೀ.ಗೆ ನಿಲ್ಲಿಸಿ. ಕೊನೆಯ 2 ಮಿ.ಮೀ. ಯಾಕೆ ಉಳಿಸಬೇಕೆಂದು ಮುಂದೆ ಹೇಳುತ್ತೇನೆ. ಯಾವ ಮುಖ ಮೇಲೆ? ಹಲಗೆಯ ತುದಿಯಲ್ಲಿ ಉಂಗುರದ ಕಮಾನು ನೋಡಿ. ಬೇಸಿಗೆಯಲ್ಲಿ ಮಾಡುವ ಮಣೆಗೆ ಮರದ ತೊಗಟೆಯ ಕಡೆಯ ಮುಖ ಮೇಲೆ ಬರಲಿ. ಮಳೆಗಾಲದಲ್ಲಿ ಉಬ್ಬಿದಾಗ ಆ ಮುಖ ನಡುವೆ ಸ್ವಲ್ಪ ಏರಿ ಅಂಚುಗಳು ಕೆಳಗಿಳಿಯುತ್ತವೆ, ಮಣೆ ಅಂಚುಗಳ ಮೇಲೆ ಭದ್ರವಾಗಿ ಕೂರುತ್ತದೆ. ತಿರುಗಿಸಿ ಇಟ್ಟರೆ ನಡುಬೆನ್ನಿನ ಮೇಲೆ ತೂಗಾಡುತ್ತದೆ.

ಗುಳಿಯ ಅಗಲ 55, ಆಳ 18 ಮಿ.ಮೀ. ಉದ್ದಕ್ಕೂ ಅಗಲಕ್ಕೂ ನಡುಗೆರೆ ಎಳೆಯಿರಿ. ಉದ್ದದ ನಡುಗೆರೆಯಿಂದ ಎರಡೂ ಕಡೆ 34 ಮಿ.ಮೀ. ದೂರದಲ್ಲಿ ಒಂದೊಂದು ಗೆರೆ. ಇವೆರಡು ಸಾಲುಗಳ ನಡು. ಅಗಲದ ನಡುಗೆರೆಯಿಂದ ಎರಡೂ ಕಡೆ 340 ಮಿ.ಮೀ.ಗೆ, ಮುಗಿದ ಮಣೆಯ ತುದಿ ಬರುವಲ್ಲಿ, ಒಂದೊಂದು ತುದಿಗೆರೆ ಎಳೆಯಿರಿ. ಎಡ ತುದಿಗೆರೆಯಿಂದ ಗುಳಿಗಳ ನಡುಬಿಂದು 139, 206, 273, 340, 407, 474, 541 ಮಿ.ಮೀ.ಗೆ ಬರುತ್ತವೆ. ದೊಡ್ಡ ಗುಳಿಗಳು ಉದ್ದದ ನಡುಗೆರೆಯ ಮೇಲೆ, ಎರಡೂ ತುದಿಗೆರೆಯಿಂದ 55 ಮಿ.ಮೀ. ಒಳಗೆ, ಅಗಲ 70, ಆಳ 20. ಒಂದು ಗುಳಿಯಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋಗಬೇಡಿ, ಅರ್ಧ ಮಿ.ಮೀ. ತಪ್ಪು ಏಳು ಸಲ ಕೂಡಿಕೊಳ್ಳುತ್ತದೆ. ಪ್ರತಿ ಬಿಂದುವನ್ನೂ ಅದೇ ತುದಿಗೆರೆಯಿಂದ ಅಳೆಯಿರಿ, ಮೂಲೆಮಟ್ಟ ಹಿಡಿದು ಎರಡೂ ಸಾಲಿಗೆ ಒಟ್ಟಿಗೆ ಗೆರೆ ಎಳೆಯಿರಿ.

ಈ ಅಳತೆಯಲ್ಲಿ ಗುಳಿ ಗುಳಿಯ ನಡುವೆ 12 ಮಿ.ಮೀ. ಗೋಡೆ ಉಳಿಯುತ್ತದೆ. ಇನ್ನೂ ತೆಳ್ಳಗೆ ಮಾಡಿದರೆ ನೋಡಲು ನಾಜೂಕು, ಆದರೆ ಆ ಗೋಡೆಯಲ್ಲಿ ಎಳೆ ಗಿಡ್ಡ. ಎಳೆ ಮಣೆಯ ಉದ್ದಕ್ಕೆ ಓಡುತ್ತದೆ, ಗೋಡೆ ಅದನ್ನು ಅಡ್ಡ ತುಂಡರಿಸಿದಂತೆ ನಿಂತಿರುತ್ತದೆ. 10 ಮಿ.ಮೀ.ಗಿಂತ ಕಡಿಮೆಯಾದರೆ ಅಂಚಿನಿಂದ ಚಕ್ಕೆ ಏಳುವುದು ಖಂಡಿತ.

ತೋಡುವುದು

55 ಅಗಲ, 18 ಆಳ ಎಂಬ ಜೋಡಿಯನ್ನು ಸುಮ್ಮನೆ ಆರಿಸಿದ್ದಲ್ಲ. ಈ ಬಟ್ಟಲು 30 ಮಿ.ಮೀ. ತ್ರಿಜ್ಯದ ಗೋಳದ ತುಂಡಾಗುತ್ತದೆ. ಹಾಗಾಗಿ ದಪ್ಪ ರಟ್ಟಿನ ಮೇಲೆ ಕೈವಾರದಿಂದ 30 ಮಿ.ಮೀ. ತ್ರಿಜ್ಯದ ಕಮಾನು ಎಳೆದು ಕತ್ತರಿಸಿದರೆ ಎಲ್ಲ 14 ಗುಳಿಗೂ ಒಂದೇ ಅಚ್ಚು ಸಿದ್ಧ. ದೊಡ್ಡ ಗುಳಿಗೆ 40 ಮಿ.ಮೀ. ಕಮಾನು. ತಳ ಚಪ್ಪಟೆಯಾಗಿ, ಮೂಲೆ ಇರುವಂತೆ ತೋಡಿದ ಗುಳಿಯಲ್ಲಿ ಕೊನೆಯ ಎರಡು ಕಾಳು ಬೆರಳಿಗೆ ಸಿಗದೆ ಮೂಲೆಯಲ್ಲಿ ಕೂರುತ್ತವೆ. ಆಟದ ಓಟಕ್ಕೆ ಅದಕ್ಕಿಂತ ದೊಡ್ಡ ಅಡ್ಡಿ ಇಲ್ಲ.

ಡ್ರಿಲ್ ಯಂತ್ರಕ್ಕೆ ಹಾಕುವ, ಅಗಲ ಬಾಯಿಯ ಫಾರ್ಸ್ಟ್‌ನರ್ ಬಿಟ್ ಇದ್ದವರು ಸಾಮಾನ್ಯವಾಗಿ 50ರ ಬಿಟ್ ಹಾಕಿ ನೇರ 15 ಮಿ.ಮೀ. ಇಳಿಸಿಬಿಡುತ್ತಾರೆ. ಅಲ್ಲಿಗೆ ಬಟ್ಟಲಿನ ಆಕಾರ ಹೋಯಿತು, ಗೋಡೆ ನೆಟ್ಟಗಾಯಿತು. ಮೆಟ್ಟಿಲಾಗಿ ಇಳಿಯಬೇಕು: 50ರ ಬಿಟ್ ಬರೀ 4 ಮಿ.ಮೀ., ಅದೇ ನಡುವಿನಲ್ಲಿ 40ರ ಬಿಟ್ 9 ಮಿ.ಮೀ. ಆಳದವರೆಗೆ, ಆಮೇಲೆ 25ರ ಬಿಟ್ 14ರವರೆಗೆ. ದೊಡ್ಡದರಿಂದ ಚಿಕ್ಕದಕ್ಕೆ ಹೋದರೆ ಮೊದಲನೆಯದರ ನಡುವಿನ ಚೂಪು ಮುಳ್ಳು ಮಾಡಿದ ತೂತೇ ಮುಂದಿನದಕ್ಕೆ ದಾರಿ. ಮುಳ್ಳು ಇನ್ನೂ 2–3 ಮಿ.ಮೀ. ಕೆಳಗೆ ಇಳಿದಿರುತ್ತದೆ ಎಂಬುದು ನೆನಪಿರಲಿ. 14ಕ್ಕೆ ನಿಲ್ಲಿಸುವುದು ಅದಕ್ಕೇ. 50ರ ಬಿಟ್‌ಗೆ ವೇಗ ನಿಮಿಷಕ್ಕೆ 500 ಸುತ್ತಿಗಿಂತ ಕೆಳಗಿರಲಿ, ಇಲ್ಲದಿದ್ದರೆ ಮರ ಸುಟ್ಟು ಕಪ್ಪಾಗುತ್ತದೆ. ಕೈ ಡ್ರಿಲ್‌ನಲ್ಲಿ ಈ ಬಿಟ್ ಕೈಯನ್ನೇ ತಿರುಚಿ ಎಳೆಯುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಅದರ ಉಸಾಬರಿ ಬೇಡ.

ಸ್ಟ್ಯಾಂಡ್ ಇಲ್ಲದವರಿಗೆ ಇನ್ನೊಂದು ದಾರಿ 8 ಮಿ.ಮೀ. ಸಾಧಾರಣ ಬಿಟ್. ಗುಳಿಯ ನಡುವೆ ಒಂದು ತೂತು, 16 ಮಿ.ಮೀ. ಆಳ. ನಡುವಿನಿಂದ 10 ಮಿ.ಮೀ. ದೂರದ ವೃತ್ತದ ಮೇಲೆ ಆರು, 13 ಆಳ. 18 ಮಿ.ಮೀ. ದೂರದ ವೃತ್ತದ ಮೇಲೆ ಹನ್ನೆರಡು, 7 ಆಳ. ಆಳವನ್ನು ಬಿಟ್‌ನ ಚೂಪು ತುದಿಯಿಂದಲೇ ಅಳೆದು ಬಣ್ಣದ ಟೇಪ್ ಸುತ್ತಿ. ಗುಳಿಗೆ 19 ತೂತು, ಒಟ್ಟು 266. ಬೇಸರದ ಕೆಲಸ, ಆದರೆ ಪ್ರತಿ ತೂತಿನ ತಳವೂ ಉಳಿಗೆ ಆಳ ತೋರಿಸುತ್ತದೆ. ತೂತಿನ ಗುರುತು ಅಳಿಸುವ ಹೊತ್ತಿಗೆ ಗುಳಿ ತಾನಾಗಿ ಬಟ್ಟಲಿನ ಆಕಾರಕ್ಕೆ ಬಂದಿರುತ್ತದೆ. ಆ್ಯಂಗಲ್ ಗ್ರೈಂಡರ್‌ಗೆ ಹಲ್ಲಿನ ಚಕ್ರ ಹಾಕಿ ಗುಳಿ ತೋಡುವ ವೀಡಿಯೊಗಳನ್ನು ನೋಡಿ ಮರುಳಾಗಬೇಡಿ. 55 ಮಿ.ಮೀ. ಗುಳಿಯೊಳಗೆ ಆ ಚಕ್ರ ಹಿಡಿಯುವುದಿಲ್ಲ, ಅಂಚಿಗೆ ತಾಗಿ ಮುಖದತ್ತ ಒದೆಯುತ್ತದೆ.

ಮುಂದಿನದು ಉಳಿಯ ಕೆಲಸ. 15ರಿಂದ 20 ಮಿ.ಮೀ. ಅಗಲದ, ಬಾಯಿ ಬಾಗಿದ ಉಳಿ ಬೇಕು. ಅದರ ಬಾಗು ಗುಳಿಯ ಬಾಗಿಗಿಂತ ಬಿಗಿಯಾಗಿರಬೇಕು. ಅಗಲಕ್ಕೆ ಬಿಚ್ಚಿಕೊಂಡ ಬಾಯಿಯಾದರೆ ಉಳಿಯ ಎರಡು ಮೂಲೆಗಳು ಮರಕ್ಕೆ ನೆಟ್ಟು ಗೀರು ಬೀಳುತ್ತದೆ. ಅಂಗಡಿಯಲ್ಲಿ ಸಿಗದಿದ್ದರೆ ಕುಲುಮೆಯಲ್ಲಿ ಹಳೆಯ ಅರದಿಂದ ಬಡಿಸಿಕೊಳ್ಳಬಹುದು. ಹಲಗೆಯನ್ನು ಮೇಜಿಗೆ ಕ್ಲಾಂಪ್ ಹಾಕಿ ಬಿಗಿಯಿರಿ, ಎರಡೂ ಕೈ ಉಳಿಯ ಬಾಯಿಯ ಹಿಂದೆಯೇ ಇರಲಿ. ಒಂದು ಕೈಯಲ್ಲಿ ಹಲಗೆ ಹಿಡಿದು ಇನ್ನೊಂದರಲ್ಲಿ ಉಳಿ ತಳ್ಳುವುದೇ ಈ ಕೆಲಸದಲ್ಲಾಗುವ ಗಾಯಗಳಿಗೆಲ್ಲ ಮೂಲ.

ಮೊದಲು ಎಳೆಗೆ ಅಡ್ಡಲಾಗಿ ಕೆತ್ತಿ, ಹೆಚ್ಚಿನ ಮರ ಬೇಗ ಹೋಗುತ್ತದೆ. ಕೊನೆಯ ನಯಕ್ಕೆ ಅಂಚಿನಿಂದ ತಳದ ಕಡೆಗೆ ಇಳಿಯುತ್ತಾ ಬನ್ನಿ, ತಳ ಮುಟ್ಟಿದ ಕೂಡಲೇ ನಿಲ್ಲಿಸಿ, ಎದುರು ಅಂಚಿನಿಂದ ಮತ್ತೆ ಇಳಿಯಿರಿ. ತಳ ದಾಟಿ ಏರುಮುಖಕ್ಕೆ ಉಳಿ ಹೋದರೆ ಎಳೆಯ ಅಡಿಗೆ ನುಗ್ಗಿ ಕಿತ್ತು ಹಾಕುತ್ತದೆ. ಕೊಡತಿ (ಮರದ ಸುತ್ತಿಗೆ) ಬೇಕಾಗುವುದು ಮೊದಲ ಒರಟು ಕೆಲಸಕ್ಕೆ ಮಾತ್ರ. ಗೋಡೆಗಳ ಹತ್ತಿರ ಕೊಡತಿ ಏಟು ಬೇಡ, ಕೈಯ ಒತ್ತಡವೇ ಸಾಕು. ಈ ಹಂತದಲ್ಲಿ ಗುಳಿಯ ಬಾಯಿಯನ್ನು 52 ಮಿ.ಮೀ.ಗೆ ನಿಲ್ಲಿಸಿ.

ನಿಲ್ಲಿಸಿ, ಹಲಗೆಯನ್ನು ಪಕ್ಕಕ್ಕೆ ಇಟ್ಟುಬಿಡಿ. ಎರಡು ವಾರ. ಅಂಚಿನ ಮೇಲೆ ನೆಟ್ಟಗೆ, ಎಲ್ಲ ಕಡೆ ಗಾಳಿ ತಾಗುವಂತೆ. ಬಹಳ ಜನ ಬಿಟ್ಟುಬಿಡುವ ಹಂತ ಇದು, ಮಳೆಗಾಲದಲ್ಲಿ ಮಣೆ ಉಳಿಯುವುದೂ ಕೆಡುವುದೂ ಇದರ ಮೇಲೆ ನಿಂತಿದೆ. ಒಂದೇ ಮುಖದಿಂದ ಇಷ್ಟು ಮರ ತೆಗೆದಾಗ ಹಲಗೆಯೊಳಗೆ ಇಷ್ಟು ದಿನ ಸಮವಾಗಿದ್ದ ಎಳೆತ ಏರುಪೇರಾಗುತ್ತದೆ. ಹೊಸದಾಗಿ ತೆರೆದ ಮೈ ಬೇರೆ ವೇಗದಲ್ಲಿ ಒಣಗುತ್ತದೆ. ಬಾಗುವುದಿದ್ದರೆ ಹಲಗೆ ಈ ಎರಡು ವಾರಗಳಲ್ಲೇ ಬಾಗಲಿ. ಆಮೇಲೆ ಎರಡು ತುದಿಗಳ ಮೇಲೆ ನೇರವಾದ ಒಂದೊಂದು ಪಟ್ಟಿ ಅಡ್ಡ ಇಟ್ಟು, ಒಂದು ಕಣ್ಣು ಮುಚ್ಚಿ ಪಟ್ಟಿಗಳ ಮೇಲಂಚು ನೋಡಿ. ಎರಡೂ ಒಂದೇ ನೇರಕ್ಕಿಲ್ಲದಿದ್ದರೆ ಹಲಗೆ ತಿರುಚಿದೆ. ಉಳಿಸಿಕೊಂಡ 2 ಮಿ.ಮೀ. ಈಗ ಕೆಲಸಕ್ಕೆ ಬರುತ್ತದೆ: ಮೊದಲು ಅಡಿ ಮುಖ, ಆಮೇಲೆ ಮೇಲ್ಮುಖ ಸಮ ಮಾಡಿ 35ಕ್ಕೆ ತನ್ನಿ. ಮತ್ತೆ ಕೈವಾರ ಹಿಡಿದು 55ರ ವೃತ್ತ ಎಳೆದು, ರಟ್ಟಿನ ಅಚ್ಚು ಇಟ್ಟು ನೋಡುತ್ತಾ ಗುಳಿಗಳನ್ನು ಕೊನೆಯ ಅಳತೆಗೆ ತನ್ನಿ. ಅಳತೆ ಪಟ್ಟಿ ಅಡ್ಡ ಇಟ್ಟು ಒಂದು ಕಡ್ಡಿ ಇಳಿಬಿಟ್ಟರೆ ಆಳ ತಿಳಿಯುತ್ತದೆ. ಗುಳಿಯ ಕೆಳಗೆ 17 ಮಿ.ಮೀ., ದೊಡ್ಡ ಗುಳಿಯ ಕೆಳಗೆ 15 ಮಿ.ಮೀ. ಮರ ಉಳಿದಿರಬೇಕು. ಹಲಗೆಯ ತುದಿಗಳನ್ನು 680ಕ್ಕೆ ಕೊಯ್ಯುವುದು ಇದಾದ ಮೇಲೆ, ಗುಳಿಗಳಿಂದಲೇ ಅಳೆದು.

ಉಜ್ಜಲು 80, 120, 180, 240 ನಂಬರಿನ ಸ್ಯಾಂಡ್ ಪೇಪರ್, ಒಂದನ್ನೂ ಹಾರಿಸದೆ. 80ರ ಗೀರು ಉಳಿದ ಗುಳಿಗೆ ಮುಂದೆ ಎಷ್ಟು ಪಾಲಿಶ್ ಹಚ್ಚಿದರೂ ಆ ಗೀರು ಎದ್ದು ಕಾಣುತ್ತದೆ. ಗುಳಿಗೆ 60 ಮಿ.ಮೀ. ಅಗಲದ ರಬ್ಬರ್ ಚೆಂಡು ಸರಿಯಾದ ಹಿಡಿಕೆ. ಟೆನಿಸ್ ಚೆಂಡು ಸ್ವಲ್ಪ ದೊಡ್ಡದು, ತಳ ಮುಟ್ಟುವುದಿಲ್ಲ. ಬಾಯಂಚನ್ನು 2 ಮಿ.ಮೀ. ದುಂಡಗೆ ಮಾಡಿ, ಬೆರಳು ಸಾವಿರಾರು ಸಲ ತಾಗುವ ಜಾಗ ಅದು. 180 ಆದ ಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಲು ಬಿಟ್ಟರೆ ಮಲಗಿದ್ದ ನಾರು ಏಳುತ್ತದೆ, ಅದನ್ನು 240ರಲ್ಲಿ ತೆಗೆಯಿರಿ.

ಪಾಲಿಶ್

ತೆಂಗಿನೆಣ್ಣೆ ಹಚ್ಚಬೇಡಿ. ಅದು ಎಂದಿಗೂ ಒಣಗಿ ಗಟ್ಟಿಯಾಗುವ ಎಣ್ಣೆಯಲ್ಲ. ಮೊದಲ ವಾರ ಹೊಳೆಯುತ್ತದೆ, ಆಮೇಲೆ ಧೂಳು ಹಿಡಿದು ಜಿಗುಟಾಗುತ್ತದೆ, ಮಳೆ ಬಂದರೆ ಹಸಿರು ಬೂಷ್ಟು. ಹಸಿ ಅಗಸೆ ಎಣ್ಣೆಯೂ ನಮ್ಮ ಹವೆಗೆ ಬಹಳ ನಿಧಾನ. ಬಣ್ಣದ ಅಂಗಡಿಯಲ್ಲಿ ಸಿಗುವ, ಬೇಗ ಒಣಗುವಂತೆ ಮಾಡಿದ ಅಗಸೆ ಎಣ್ಣೆ ತನ್ನಿ. ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು, ಮೇಲೆ ಉಳಿದದ್ದನ್ನು ಪೂರ್ತಿ ಒರೆಸಿ. ದಿನಕ್ಕೊಂದರಂತೆ ಮೂರು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ: ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಎಣ್ಣೆ ಒಣಗಲು ಒಂದು ವಾರ ಕೊಟ್ಟು ಅದರ ಮೇಲೆ ಅರಗಿನ ಪಾಲಿಶ್. 200 ಮಿ.ಲೀ. ಸ್ಪಿರಿಟ್‌ಗೆ 25ರಿಂದ 30 ಗ್ರಾಂ ಅರಗಿನ ಚೂರು ಹಾಕಿ ಒಂದು ರಾತ್ರಿ ಬಿಟ್ಟು ಬಟ್ಟೆಯಲ್ಲಿ ಸೋಸಿ. ಒಂದು ಮಣೆಗೆ ಇಷ್ಟು ಸಾಕು. ಬಿಸಿಲಿರುವ ದಿನವೇ ಹಚ್ಚಬೇಕು. ಮೋಡ ಮುಸುಕಿದ ದಿನ ಹಚ್ಚಿದರೆ ಸ್ಪಿರಿಟ್ ಆರುವಾಗ ಗಾಳಿಯ ನೀರು ಸೇರಿಕೊಂಡು ಬಿಳಿ ಮಸುಕು ಕಟ್ಟುತ್ತದೆ. ತೆಳುವಾಗಿ ನಾಲ್ಕು ಸಲ, ನಡುವೆ ಸವೆದ 240ರ ಕಾಗದದಿಂದ ಹಗುರವಾಗಿ ಒಂದೊಂದು ಕೈ. ಕೊನೆಗೆ ಜೇನುಮೇಣ: ಒಂದು ಪಾಲು ಮೇಣ, ನಾಲ್ಕು ಪಾಲು ಅದೇ ಅಗಸೆ ಎಣ್ಣೆ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಆರಿದ ಮೇಲೆ ಬಟ್ಟೆಯಲ್ಲಿ ತಿಕ್ಕಿ.

ಮೇಲ್ಮುಖಕ್ಕೆ ಎಷ್ಟು ಸಲವೋ ಅಡಿ ಮುಖಕ್ಕೂ ಅಷ್ಟೇ ಸಲ, ತುದಿಗಳಿಗೆ ಒಂದು ಸಲ ಹೆಚ್ಚು. ಅಡಿ ಯಾರಿಗೂ ಕಾಣುವುದಿಲ್ಲ ಎಂದು ಬಿಟ್ಟ ಮಣೆಯಲ್ಲಿ ತೇವ ಒಂದೇ ಕಡೆಯಿಂದ ಹೊಕ್ಕು ಅಡಿ ಮಾತ್ರ ಉಬ್ಬುತ್ತದೆ. ಮೇಲೆ ಹೇಳಿದ ಎಚ್ಚರಿಕೆಗಳನ್ನೆಲ್ಲ ಪಾಲಿಸಿದ ಮಣೆಯೂ ಇದೊಂದರಿಂದ ಬಾಗುತ್ತದೆ.

ಕಾಲು ನಾಲ್ಕು, ಮೂಲೆಗೊಂದು, 25 ಮಿ.ಮೀ. ಅಗಲ 12 ಮಿ.ಮೀ. ಎತ್ತರದ ಬಿಲ್ಲೆಗಳು. ಕಿತ್ತುಹಾಕಿದ ಹಳೆಯ ಕಾಫಿ ಗಿಡದ ಬುಡ ಇದಕ್ಕೆ ಹೇಳಿಮಾಡಿಸಿದ್ದು, ಅಷ್ಟು ಗಟ್ಟಿ. ಹಲಗೆಗೆ ಬಾರದ ಮರ ಬಿಲ್ಲೆಗೆ ಬರುತ್ತದೆ. ಅಂಟು, ನಡುವೆ ಒಂದೇ ಸ್ಕ್ರೂ, ಮಣೆಯೊಳಗೆ 10 ಮಿ.ಮೀ. ಮೀರದಂತೆ. ಮೂರು ಕಾಲಿಟ್ಟರೆ ಅಲುಗುವುದೇ ಇಲ್ಲ ಎಂಬ ಮಾತು ನಿಜ, ಆದರೆ ಕಾಲಿಲ್ಲದ ಮೂಲೆಗೆ ಕೈ ಊರಿದರೆ ಮಣೆ ಮಗುಚುತ್ತದೆ. ಕಾಲುಗಳ ನಡುವಿನ ಜಾಗದಲ್ಲಿ 28 ಮಿ.ಮೀ. ಮನೆಗಳ ಐದು ಸಾಲು, 140 ಮಿ.ಮೀ. ಚೌಕದ ಚೌಕಾಬಾರ ಗೀರಿಕೊಳ್ಳಬಹುದು. ಉಕ್ಕಿನ ಸ್ಕೇಲ್ ಹಿಡಿದು ಚಾಕುವಿನಿಂದ ಹಗುರವಾಗಿ ಹಲವು ಸಲ ಎಳೆಯಿರಿ. ಎಳೆಯ ಉದ್ದಕ್ಕೆ ಒಂದೇ ಸಲ ಒತ್ತಿ ಎಳೆದರೆ ಚಾಕು ಎಳೆಯ ದಾರಿ ಹಿಡಿದು ತಪ್ಪಿಸಿಕೊಳ್ಳುತ್ತದೆ. ಗೀರಿಗೆ ಬಣ್ಣ ತುಂಬುವುದು ಅರಗಿನ ಮೊದಲ ಲೇಪದ ನಂತರ, ಇಲ್ಲವಾದರೆ ಬಣ್ಣ ಪಕ್ಕಕ್ಕೆ ಹರಡುತ್ತದೆ.

ಕಾಳು

ಗುಳಿಗೆ ನಾಲ್ಕರಂತೆ ಆಡುವವರಿಗೆ 56, ಐದರಂತೆ ಆಡುವವರಿಗೆ 70. ಹತ್ತು ಹೆಚ್ಚೇ ಇಟ್ಟುಕೊಳ್ಳಿ. ಈ ಅಳತೆಯ ಗುಳಿ ಸುಮಾರು 24 ಮಿ.ಲೀ. ಹಿಡಿಯುತ್ತದೆ, ಎಂದರೆ ಮಂಜಾಡಿ ಕಾಳಾದರೆ 50ರ ಆಸುಪಾಸು, ಹುಣಸೆ ಬೀಜವಾದರೆ ಅದರ ಅರ್ಧ. ಮಂಜಾಡಿ ಎಲ್ಲಕ್ಕಿಂತ ಚೆನ್ನ: ಕೆಂಪು, ಗಟ್ಟಿ, ನಯ, ಮರಕ್ಕೆ ಬಿದ್ದಾಗ ಒಳ್ಳೆಯ ಸದ್ದು. ಅದರ ಹಾಗೆಯೇ ಕೆಂಪಗಿದ್ದು ಕಪ್ಪು ಕಣ್ಣಿರುವ ಗುಲಗಂಜಿ ಚಿಕ್ಕ ಮಕ್ಕಳಿರುವ ಮನೆಗೆ ಬೇಡವೇ ಬೇಡ. ಸಿಪ್ಪೆ ಒಡೆದ ಅಥವಾ ಅಗಿದ ಗುಲಗಂಜಿ ಪ್ರಾಣಾಪಾಯದ ವಿಷ. ಗಜ್ಜುಗ ದಪ್ಪ, ಹತ್ತು ಬಿದ್ದರೆ ಗುಳಿ ತುಂಬಿದಂತೆ. ಕಾಫಿ ಬೀಜ ಕೈಗೆ ಸಿಗುತ್ತದೆಂದು ಬಳಸುವವರಿದ್ದಾರೆ, ಅದು ಹಗುರ, ಮಳೆಗಾಲದಲ್ಲಿ ತೇವ ಎಳೆದು ಬೂಷ್ಟು ಹಿಡಿಯುತ್ತದೆ. ಹುಣಸೆ ಬೀಜಕ್ಕೆ ಹುಳ ಬೀಳುತ್ತದೆ, ಚೆನ್ನಾಗಿ ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಮಣೆಯನ್ನು ಮಾತ್ರ ಡಬ್ಬಿಯಲ್ಲೋ ಪ್ಲಾಸ್ಟಿಕ್ ಚೀಲದಲ್ಲೋ ಇಡಬೇಡಿ, ಒಳಗೆ ಬೆವರಿ ಬೂಷ್ಟು ಕಟ್ಟುತ್ತದೆ. ಹತ್ತಿ ಬಟ್ಟೆ ಸುತ್ತಿ, ಹೊರಗೋಡೆಗೆ ತಾಗದಂತೆ, ಅಂಚಿನ ಮೇಲೆ ನಿಲ್ಲಿಸಿ. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಒಂದು ಕೈ ಮೇಣ. ನವೆಂಬರ್ ಕಳೆದ ಮೇಲೆ ಎಲ್ಲಾದರೂ ಬಿರುಕು ಕಂಡರೆ ಮರದ ಪುಡಿ ಮತ್ತು ಫೆವಿಕಾಲ್ ಕಲಸಿ ತುಂಬಬೇಡಿ, ಆ ಜಾಗ ಪಾಲಿಶ್ ಹೀರದೆ ಕಲೆಯಾಗಿ ಉಳಿಯುತ್ತದೆ. ಮಾರ್ಚ್‌ವರೆಗೆ ಕಾಯಿರಿ, ಬಿರುಕು ಪೂರ್ತಿ ತೆರೆದುಕೊಂಡಾಗ ಅದೇ ಮರದ ತೆಳು ಬೆಣೆಯನ್ನು ಎಳೆಯ ದಿಕ್ಕಿಗೇ ಅಂಟಿಸಿ ಕೂರಿಸಿ, ಒಣಗಿದ ಮೇಲೆ ಸಮ ಮಾಡಿ. ಈ ಕೆಲಸಕ್ಕಾಗಿ ಮಣೆ ಮಾಡುವಾಗ ಉಳಿದ ತುಂಡಿನ ಹಿಂಭಾಗದಲ್ಲಿ ಮರದ ಹೆಸರು ಬರೆದು ಅಟ್ಟದಲ್ಲಿ ಇಟ್ಟುಕೊಂಡಿರಿ.